ಅಪ್‌ಡೇಟ್: ಡಿಗ್ರಿ ಮುಗಿದ ಮೇಲೆ ಜರ್ಮನಿಯಲ್ಲಿ ಸ್ವಯಂಸೇವೆ

ಪದವಿ ಮುಗಿಸಿ ಒಂದು ವರ್ಷ ವಿದೇಶದಲ್ಲಿ ಸ್ವಯಂಸೇವೆಗೆ ಹೋಗಬಹುದೇ ಎಂದು ಕೇಳಿದ್ದೆ. ಹೋಗುವುದೆಂದು ತೀರ್ಮಾನವಾಗಿದೆ: ಜರ್ಮನಿಯ ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್ (ಅಲ್ಲಿನ ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆ), 12 ತಿಂಗಳು, ವೃದ್ಧಾಶ್ರಮದಲ್ಲಿ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಮುಂದೆ ಹೊರಡುವವರು ಕ್ರಮ ತಪ್ಪಿಸಬೇಡಿ. ಮೊದಲು ಭಾಷೆ, ಆಮೇಲೆ ಸಂಸ್ಥೆ, ಕೊನೆಗೆ ವೀಸಾ. ಎ2 ಮಟ್ಟದ (ದಿನನಿತ್ಯದ ಸರಳ ಮಾತುಕತೆಗೆ ಸಾಕಾಗುವಷ್ಟು) ಜರ್ಮನ್ ಇಲ್ಲದಿದ್ದರೆ ಹಿರಿಯರ ಆರೈಕೆ ಕಷ್ಟ. ನೋವು ಎಲ್ಲಿ ಎಂದು ಅವರು ಹೇಳಿದ್ದೇ ಅರ್ಥವಾಗದು. ಎರಡೂ ಕಡೆಯವರ ಸಹಿಯಿರುವ ಒಪ್ಪಂದಪತ್ರ ಕೈಗೆ ಬರುವ ಮುನ್ನ ಟಿಕೆಟ್ ಬೇಡ. 90 ದಿನದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ಪ್ರವಾಸಿ ವೀಸಾ ಇದಕ್ಕೆ ನಡೆಯದು, ದೀರ್ಘಾವಧಿಯ ರಾಷ್ಟ್ರೀಯ ಡಿ ವೀಸಾನೇ ಬೇಕು.

ಸಿಗುವುದು ಸಂಬಳವಲ್ಲ, ಕೈಖರ್ಚು. ಆರೋಗ್ಯ ವಿಮೆ ಸೇವೆ ಶುರುವಾದ ದಿನದಿಂದ. ಮೊದಲೇ ತಲುಪಿದರೆ ಆ ದಿನಗಳಿಗೆ ಪ್ರಯಾಣ ವಿಮೆ ಮಾಡಿಸಿ. 27 ತುಂಬದವರಿಗೆ ವರ್ಷಕ್ಕೆ 25 ದಿನ ಸೆಮಿನಾರ್ ಕಡ್ಡಾಯ.