ಅಪ್‌ಡೇಟ್: ರಿಪೋರ್ಟ್‌ನಲ್ಲಿ ‘ಸೆಟಲ್ಡ್’ ಹೋಗಿ ‘ಕ್ಲೋಸ್ಡ್’ ಬಂತು

ಖಿನ್ನತೆಯಲ್ಲಿದ್ದಾಗ ಸಾಲದ ಕಂತು ತಪ್ಪಿ ಸಿಬಿಲ್ (ಸಾಲ ಹೇಗೆ ತೀರಿಸಿದ್ದೇವೆ ಅನ್ನುವ ದಾಖಲೆ) ಹಾಳಾಗಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ. ನೀವು ಹೇಳಿದ ಹಾಗೆ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ರಿಪೋರ್ಟ್ ತೆಗೆದೆ. ಸಾಲ ‘ಸೆಟಲ್ಡ್’ ಅಂತಿತ್ತು. ಅಂದರೆ ಬ್ಯಾಂಕ್ ಒಂದಿಷ್ಟು ಬಿಟ್ಟುಕೊಟ್ಟಿದೆ ಅಂತ. ಮುಂದೆ ಸಾಲ ಕೊಡುವವರು ಮೊದಲು ನೋಡುವುದೇ ಅದನ್ನು.

ಶಿರಸಿ ಸೊಸೈಟಿಗೆ ಹಾಕಿದ ಚಾಲಿ ಅಡಿಕೆಯ ದುಡ್ಡು ಬಂದ ಮೇಲೆ ಉಳಿದದ್ದನ್ನೂ ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ತಗೊಂಡೆ. ಆದರೂ ರಿಪೋರ್ಟ್ ಬದಲಾಗಲಿಲ್ಲ! ಆನ್‌ಲೈನ್ ದೂರು ಹಾಕಿ, 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನುವ ಆರ್‌ಬಿಐ ನಿಯಮವನ್ನೂ ಬರೆದೆ. ಈಗ ‘ಕ್ಲೋಸ್ಡ್’, ಅಂದರೆ ಸಾಲ ಪೂರ್ತಿ ತೀರಿದೆ ಅಂತ ಆಗಿದೆ.

ತಪ್ಪಿದ ಕಂತುಗಳ ಗುರುತು ಮಾತ್ರ ಹಾಗೇ ಇದೆ. ಡಾಕ್ಟರ್ ಚೀಟಿ ತೋರಿಸಿದರೂ ಅಳಿಸಲ್ಲ. ದುಡ್ಡು ಕೊಟ್ಟರೆ ಅಳಿಸಿಕೊಡ್ತೇನೆ ಅಂದ ಏಜೆಂಟನನ್ನು ಸುಮ್ನೆ ವಾಪಸ್ ಕಳಿಸಿದೆ.