ಅಜ್ಜಿ ಹೇಳುತ್ತಿದ್ದ ‘ಜಪಾನಿನ ಬಾಂಬು’: 1944ರಲ್ಲಿ ಮುಂಬಯಿಯ ಮೇಲೆ ವಿಮಾನ ದಾಳಿ ಆಗಿತ್ತೇ?

ವಡಗಾವಿಯ ಮೊಮ್ಮಗ ಕೇಳಿದ್ದು:

ನಮ್ಮದು ಬೆಳಗಾವಿಯ ವಡಗಾವಿ, ನೇಕಾರರ ಮನೆ. ಯುದ್ಧದ ಕಾಲದಲ್ಲಿ ನೂಲು ಸಿಗದೆ ಅಜ್ಜ ಮಗ್ಗ ಬಿಟ್ಟು ಮುಂಬಯಿಗೆ ದುಡಿಯಲು ಹೋಗಿದ್ದ. ‘ನಿಮ್ಮಜ್ಜ ಗೋದಿಯಲ್ಲಿ ಹಮಾಲಿ ಮಾಡುತ್ತಿದ್ದ’ ಎಂದು ಅಜ್ಜಿ ಹೇಳುತ್ತಿದ್ದಳು. ಹೈಸ್ಕೂಲು ಮುಗಿಯುವವರೆಗೂ ಅಜ್ಜ ಎಲ್ಲೋ ಗೋದಿಯ ಅಡತಿಯಲ್ಲಿ ಮೂಟೆ ಹೊರುತ್ತಿದ್ದ ಎಂದೇ ನಾನು ನಂಬಿದ್ದೆ. ಮರಾಠಿಯಲ್ಲಿ ಗೋದಿ ಎಂದರೆ ಹಡಗುಕಟ್ಟೆ ಎಂದು ತಿಳಿದದ್ದು ಬಹಳ ತಡವಾಗಿ. ಬೆಳಗಾವಿಯಲ್ಲಿ ಹುಟ್ಟಿಯೂ ಹೀಗೇ ಎಂದು ನಗಬೇಡಿ, ನಮ್ಮ ಓಣಿಯ ಮರಾಠಿಗೆ ಸಮುದ್ರದ ಮಾತು ಬರುವುದೇ ಇಲ್ಲ.

ಅಜ್ಜ ಮಾಂಡವಿಯ ಕಡೆ ಒಂದು ಚಾಳಿನಲ್ಲಿ ಹತ್ತು ಹನ್ನೆರಡು ಜನರ ಜೊತೆ ಒಂದೇ ಖೋಲಿಯಲ್ಲಿದ್ದ. 1944ರ ಬೇಸಿಗೆಯಲ್ಲಿ ‘ಜಪಾನಿನವರು ಬಾಂಬು ಹಾಕಿದರು, ಚಾಳು ಸುಟ್ಟು ಹೋಯಿತು, ಆಕಾಶದಿಂದ ಬಂಗಾರ ಬಿತ್ತು’ ಎಂಬುದು ಅಜ್ಜಿಯ ಕಥೆ. ಅಜ್ಜ ತಂದ ತಗಡಿನ ಟ್ರಂಕು ಈಗಲೂ ಮಗ್ಗದ ಕುಣಿಯ ಪಕ್ಕದಲ್ಲಿದೆ. ಮುಚ್ಚಳದಲ್ಲಿ ಎಂಟಾಣೆ ನಾಣ್ಯದಷ್ಟು ದೊಡ್ಡ ಸುಟ್ಟ ತೂತಿದೆ. ಅಜ್ಜನಿಗೆ ಎಡಗಿವಿ ಕೇಳುತ್ತಿರಲಿಲ್ಲ.

ನನ್ನ ತಮ್ಮ ಮೊಬೈಲಿನಲ್ಲಿ ಹುಡುಕಿ, ‘ಜಪಾನಿನ ವಿಮಾನ ಮುಂಬಯಿಗೆ ಬಂದೇ ಇಲ್ಲ, ಅಜ್ಜಿ ಕಟ್ಟಿದ ಕಥೆ’ ಎಂದ. ಬಂಗಾರದ ಮಾತಿಗಂತೂ ಮನೆಯವರೆಲ್ಲ ನಕ್ಕರು. ಅಜ್ಜಿ ತೀರಿಕೊಂಡು ಆರು ವರ್ಷವಾಯಿತು, ಉತ್ತರ ಕೊಡಲು ಅವಳಿಲ್ಲ. ತಿಳಿದವರು ಹೇಳಿ, ಆ ತೂತು ಯಾವುದರದು?

ಟಿಳಕವಾಡಿಯ ನಿವೃತ್ತ ಮಾಸ್ತರ:

ನಿಮ್ಮ ತಮ್ಮ ಹೇಳಿದ್ದು ಸರಿ, ಅಜ್ಜಿ ಹೇಳಿದ್ದು ಸುಳ್ಳಲ್ಲ. ಎರಡೂ ಹೇಗೆ ಎಂದರೆ:

1944ರ ಏಪ್ರಿಲ್ 14, ಶುಕ್ರವಾರ. ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ನಿಂತಿತ್ತು. ಇಂಗ್ಲೆಂಡಿನಿಂದ ಹೊರಟು ಕರಾಚಿಯ ಮೇಲೆ ಬಂದದ್ದು. ಒಳಗೆ ಸುಮಾರು 1,400 ಟನ್ ಮದ್ದುಗುಂಡು. ಕರಾಚಿಯಲ್ಲಿ ಅದರ ಜೊತೆಗೇ ಸುಮಾರು 8,700 ಅರಳೆ ಅಂಡಿಗೆ ತುಂಬಿದರು, ಸಾಲದ್ದಕ್ಕೆ ಎಣ್ಣೆಯ ಪೀಪಾಯಿ. ಅರಳೆ, ಎಣ್ಣೆ, ಮದ್ದು! ನಮ್ಮೂರಿನ ಜಿನ್ನಿನ ಕೂಲಿಯವನೂ ಮಾಡದ ಕೆಲಸ. ಅಪಾಯದ ಸರಕು ಇದೆ ಎಂದು ತಿಳಿಸುವ ಕೆಂಪು ಬಾವುಟವನ್ನೂ ಹಾರಿಸಿರಲಿಲ್ಲ. ಮಧ್ಯಾಹ್ನವೇ ಹೊಗೆ ಕಂಡಿತು. ನೀರು ಹಾಕಿದಷ್ಟೂ ಬೆಂಕಿಯ ಜಾಡು ಸಿಗಲಿಲ್ಲ. ಹಡಗನ್ನು ಅಲ್ಲೇ ಮುಳುಗಿಸಬೇಕೇ, ಸಮುದ್ರಕ್ಕೆ ಎಳೆಯಬೇಕೇ ಎಂದು ಅಧಿಕಾರಿಗಳು ಚರ್ಚಿಸುತ್ತಲೇ ಇದ್ದರು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಅದಕ್ಕಿಂತ ದೊಡ್ಡದು ಇನ್ನೊಂದು. ಶಿಮ್ಲಾದ ಭೂಕಂಪಮಾಪಕದಲ್ಲೂ ಅದು ದಾಖಲಾಯಿತು.

ಉರಿಯುವ ಅರಳೆ ಉಂಡೆಗಳು, ಕಾದ ಕಬ್ಬಿಣದ ಚೂರುಗಳು ಮಾಂಡವಿಯ ಗೋದಾಮು, ಚಾಳುಗಳ ಮೇಲೆ ಮಳೆಯಂತೆ ಬಿದ್ದವು. ನಿಮ್ಮ ಟ್ರಂಕಿನ ತೂತು ಅಂಥ ಚೂರಿನದೇ ಇರಬೇಕು. ಮನೆ ಕಳೆದುಕೊಂಡವರು ಸುಮಾರು 80,000. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಹೊಯ್ದಾಡುತ್ತದೆ. ದಿನಗೂಲಿಯವನ ಹೆಸರು ಯಾವ ಹಾಜರಿ ಪುಸ್ತಕದಲ್ಲಿತ್ತು ಹೇಳಿ? ಬೆಂಕಿ ಆರಿಸಲು ಹೋದ ಅಗ್ನಿಶಾಮಕದವರೇ 66 ಜನ ಹೋದರು. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನವಾದದ್ದು ಅವರ ನೆನಪಿಗೆ.

ಇನ್ನು ಬಂಗಾರ. ಅದೇ ಹಡಗಿನಲ್ಲಿ 124 ಚಿನ್ನದ ಗಟ್ಟಿಗಳಿದ್ದವು, ಒಂದೊಂದು ಹನ್ನೆರಡೂವರೆ ಕಿಲೋ ಮೀರಿದ್ದು. ಒಂದು ಗಟ್ಟಿ ದೂರದ ಪಾರ್ಸಿಯೊಬ್ಬರ ಮನೆಯ ಚಾವಣಿ ಸೀಳಿಕೊಂಡು ಬಿತ್ತು. ಅವರು ಅದನ್ನು ಹಿಂದಿರುಗಿಸಿದರು. ದಶಕಗಳ ನಂತರವೂ ಹೂಳೆತ್ತುವಾಗ ಗಟ್ಟಿಗಳು ಸಿಕ್ಕಿವೆ. ಅಜ್ಜಿಗೆ ನಕ್ಕವರೆಲ್ಲ ಈಗ ಒಮ್ಮೆ ಕೈಮುಗಿಯಲಿ.

‘ಜಪಾನಿನವರು’ ಎಂದದ್ದೇಕೆ? ಅಂದು ಮುಂಬಯಿಯ ಅರ್ಧ ಊರು ಹಾಗೆಯೇ ತಿಳಿದಿತ್ತು. ಎರಡು ವರ್ಷದಿಂದ ದೀಪ ಮರೆಮಾಡಿಸಿ, ಸೈರನ್ ಊದಿ, ಜಪಾನಿನವರು ಬಂದಾರು ಎಂದು ಹೆದರಿಸಿದ್ದು ಸರ್ಕಾರವೇ. ಸ್ಫೋಟವಾದ ಮೇಲೆ ಸುದ್ದಿಯನ್ನೂ ತಡೆದರು, ನಮ್ಮ ಪತ್ರಿಕೆಗಳಿಗೆ ವಿವರ ಬರೆಯಲು ಅನುಮತಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ನಿಮ್ಮಜ್ಜ ಪುಣೆಯಲ್ಲಿ ದೊಡ್ಡ ಗಾಡಿ ಇಳಿದು ಮೀಟರ್ ಗೇಜ್ ಹಿಡಿದು ಬೆಳಗಾವಿಗೆ ಬಂದಿರಬೇಕು, ಕಥೆ ಅವನ ಜೊತೆಗೇ ಬಂದಿತ್ತು.

ಅನಗೋಳದವಳು, ಸದ್ಯ ಲಂಡನ್:

ಮಾಸ್ತರರಿಗೆ ಒಂದು ಮಾತು ಸೇರಿಸುತ್ತೇನೆ. ನಾನಿರುವುದು ಲಂಡನ್ನಿನ ಪೂರ್ವ ಭಾಗದಲ್ಲಿ. ಇಲ್ಲಿ ನಿಜವಾಗಿಯೂ ವಿಮಾನಗಳು ಬಂದವು, ಜರ್ಮನಿಯವು. 1940ರ ಸೆಪ್ಟೆಂಬರ್ 7ರ ಶನಿವಾರ ಹಡಗುಕಟ್ಟೆಗಳಿಗೆ ಬೆಂಕಿ ಹತ್ತಿತು, ರಾತ್ರಿ ಬಂದ ವಿಮಾನಗಳಿಗೆ ಆ ಬೆಂಕಿಯೇ ದಾರಿದೀಪವಾಯಿತು. ಗುರಿ ಕಟ್ಟೆ, ಸತ್ತವರು ಕಟ್ಟೆಯ ಬೆನ್ನಿಗೆ ಅಂಟಿಕೊಂಡ ಓಣಿಗಳ ಕೂಲಿಯವರು. ಮಾಂಡವಿಯೂ ಹಾಗೆಯೇ ಅಲ್ಲವೇ? ದುಡಿಯುವವನ ಮನೆ ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಅಷ್ಟೇ ಅವನ ತಪ್ಪು.

ಇಲ್ಲಿನ ಕೌಂಟಿ ಕೌನ್ಸಿಲ್‌ನವರು ಮನೆಮನೆಗೂ ಬಣ್ಣ ಹಚ್ಚಿದ ನಕ್ಷೆಗಳನ್ನು ಮಾಡಿಟ್ಟರು. ಪೂರ್ತಿ ನೆಲಸಮವಾದದ್ದಕ್ಕೆ ಕಪ್ಪು, ದುರಸ್ತಿಗೆ ಬಾರದ್ದಕ್ಕೆ ನೇರಳೆ, ಸಣ್ಣಪುಟ್ಟ ಹಾನಿಗೆ ಹಳದಿ. ನಾನೊಮ್ಮೆ ಸ್ಟೆಪ್ನಿಯ ಹಾಳೆ ನೋಡಿದೆ. ಇಳಕಲ್ ಸೀರೆಯ ಸೆರಗಿನಷ್ಟು ಬಣ್ಣ, ಓದತೊಡಗಿದರೆ ಕೈ ನಡುಗುತ್ತದೆ. ಆದರೆ ಅತಿ ಹೆಚ್ಚು ಪೆಟ್ಟು ತಿಂದ ಬಡಾವಣೆಗಳಲ್ಲಿ ಒಂದಾದ ಸಿಲ್ವರ್‌ಟೌನ್ ಆ ನಕ್ಷೆಯಲ್ಲೇ ಇಲ್ಲ, ಅದು ಆಗ ಕೌಂಟಿಯ ಗಡಿಯ ಆಚೆಗಿತ್ತು. ಅದರ ಪಕ್ಕದ ಕ್ಯಾನಿಂಗ್ ಟೌನಿನಲ್ಲಿ ಮನೆ ಕಳೆದುಕೊಂಡವರನ್ನು ಒಂದು ಶಾಲೆಯಲ್ಲಿ ಕೂಡಿಸಿ, ಬಸ್ಸು ಬರುತ್ತದೆ ಎಂದು ಕಾಯಿಸಿದರು. ಸೆಪ್ಟೆಂಬರ್ 10ರ ನಸುಕಿನಲ್ಲಿ ಬಾಂಬು ಬಿತ್ತು. ಸರ್ಕಾರದ ಲೆಕ್ಕ 77. ಆ ಓಣಿಯ ಅಜ್ಜಿಯರು ಕೊನೆಯವರೆಗೂ ಹೇಳಿದ್ದು ಅದಕ್ಕಿಂತ ಎಷ್ಟೋ ಪಟ್ಟು.

ನಿಮ್ಮ ಅಜ್ಜಿಯ ಮಾತನ್ನು ಅವಳ ಪದಗಳಲ್ಲೇ ಬರೆದಿಡಿ. ತಿದ್ದಬೇಡಿ, ಬೇಕಾದರೆ ಕೆಳಗೆ ಮಾಸ್ತರರ ಉತ್ತರ ಅಂಟಿಸಿ.

ಕ್ಯಾಂಪಿನ ನಿವೃತ್ತ ಹವಾಲ್ದಾರ:

ಜಪಾನಿನ ಬಾಂಬು ಬಿದ್ದ ಗೋದಿ ಬೇಕೆಂದರೆ ಕೋಲ್ಕತ್ತದ ಖಿದಿರ್‌ಪುರ ಇದೆ. ನೌಕರಿಯಲ್ಲಿದ್ದಾಗ ನೋಡಿದ್ದೇನೆ. ಆ ಊರಿಗೆ ಮೊದಲ ದಾಳಿ 1942ರ ಡಿಸೆಂಬರ್ 20ರ ರಾತ್ರಿ, ಗೋದಿಗೆ ದೊಡ್ಡ ಪೆಟ್ಟು 1943ರ ಡಿಸೆಂಬರ್ 5, ಭಾನುವಾರ ಹಾಡುಹಗಲು. ಬರಗಾಲದಲ್ಲಿ ಅನ್ನಕ್ಕಾಗಿ ಹಳ್ಳಿ ಬಿಟ್ಟು ಬಂದ ಕೂಲಿಗಳೇ ಅಲ್ಲಿ ಸತ್ತರು. ವಿಶಾಖಪಟ್ಟಣ, ಕಾಕಿನಾಡಕ್ಕೂ 1942ರ ಏಪ್ರಿಲ್ 6ರಂದು ಬಿದ್ದಿವೆ. ಮುಂಬಯಿಗೆ ಮಾತ್ರ ಇಲ್ಲ. ಅಲ್ಲಿ ನಮ್ಮವರ ಅಜಾಗರೂಕತೆಯೇ ಸಾಕಾಯಿತು.

ವಡಗಾವಿಯ ಮೊಮ್ಮಗ:

ಎಲ್ಲರಿಗೂ ಶರಣು. ಮಾಸ್ತರರ ಉತ್ತರವನ್ನು ನಿನ್ನೆ ರಾತ್ರಿ ಮನೆಯಲ್ಲಿ ಜೋರಾಗಿ ಓದಿದೆ. ಖಾಸಬಾಗದಿಂದ ಸೋದರತ್ತೆಯನ್ನೂ ಕರೆಸಿದ್ದೆ. ಅವಳಿಗೆ ಎಂಬತ್ತೊಂದು. ಅವಳು ಹೇಳಿದ್ದು ನನಗೆ ಹೊಸದು: ಅಜ್ಜ ಎಂದೂ ‘ಬಾಂಬು’ ಎಂದವನಲ್ಲ. ‘ಗೋದಿ ಹೊತ್ತಿತು’ ಎನ್ನುತ್ತಿದ್ದನಂತೆ, ಅಷ್ಟೇ. ಮೊದಲ ಸದ್ದಿಗೆ ಜೊತೆಯವನನ್ನು ಹುಡುಕಲು ಗೋದಿಯ ಕಡೆಗೆ ಓಡಿದ್ದ. ಆಗಲೇ ಎರಡನೆಯದು ಆಯಿತು, ಕಿವಿ ಹೋಯಿತು. ಜೊತೆಯವನು ಹುದಲಿಯವನು, ಸಿಗಲಿಲ್ಲ. ಬಾಂಬು ಎಂಬುದು ಹುದಲಿಯಿಂದ ಕೇಳಿಕೊಂಡು ಬಂದ ಅವನ ತಾಯಿಗೆ ಅಜ್ಜಿ ಹೇಳಿದ ಮಾತು. ಅರಳೆ ಹೊತ್ತಿ ಸತ್ತ ಎನ್ನಲು ಅವಳಿಗೆ ಬಾಯಿ ಬರಲಿಲ್ಲವಂತೆ.

ತಮ್ಮ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕನ್ನು ಅಂಗಳಕ್ಕೆ ಎಳೆದು ತಳ ತಟ್ಟಿ ತಟ್ಟಿ ನೋಡುತ್ತಿದ್ದಾನೆ, 124ರಲ್ಲಿ ಒಂದಾದರೂ ಒಳಗೆ ಇದ್ದೀತು ಎಂದು.