ಎಂಎಲ್-ಕೆಇಎಂ ಬಂದ ಮೇಲೆ ಒಂದು ಸಂಪರ್ಕ ಮಾತ್ರ ಟೈಮ್‌ಔಟ್ ಆಗುತ್ತಿರುವುದೇಕೆ?

ಪ್ರಶ್ನೆ (ಹಿಂಜವಡಿ, ಪುಣೆ)
ನಮ್ಮ ಕಚೇರಿಯ ಕ್ಲೈಂಟ್ ಯಂತ್ರಗಳನ್ನು ಓಪನ್‌ಎಸ್‌ಎಸ್‌ಎಲ್ (ಸಂಪರ್ಕಗಳನ್ನು ಗೂಢಲಿಪಿಗೊಳಿಸುವ ತಂತ್ರಾಂಶ) 3.5ಕ್ಕೆ ಏರಿಸಿದ ಮೇಲೆ, ವಾಡಿಕೆಯ ಎಕ್ಸ್25519 ಮತ್ತು ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದಂತೆ ರೂಪಿಸಿದ ಎಂಎಲ್-ಕೆಇಎಂ-768 ಸೇರಿದ ಮಿಶ್ರ ಕೀಲಿ ವಿನಿಮಯ ತಾನಾಗಿಯೇ ಚಾಲ್ತಿಗೆ ಬಂದಿದೆ. ಬೇರೆಲ್ಲ ಕಡೆ ಸರಿಯಿದೆ. ಹಳೆಯ ಫೈರ್‌ವಾಲ್ ದಾಟಿ ಹೋಗಬೇಕಾದ ಮುಂಬೈನ ಒಂದು ಸರ್ವರ್‌ನಿಂದ ಮಾತ್ರ ಕ್ಲೈಂಟ್ ಹಲೋಗೆ (ಸಂಪರ್ಕ ಶುರುಮಾಡುವ ಮೊದಲ ಸಂದೇಶ) ಉತ್ತರವೇ ಬರುತ್ತಿಲ್ಲ. ಆ ಸಂದೇಶದಲ್ಲಿ ಹೋಗುವ ಎಂಎಲ್-ಕೆಇಎಂ ಕೀಲಿ ಇಷ್ಟು ದೊಡ್ಡದಾಗಿರಲು ಕಾರಣವೇನು? ಅದರ ಚಿಕ್ಕ ರೂಪವಾದ 512ಕ್ಕೆ ಇಳಿಸಿದರೆ ಆದೀತೇ?

ಉತ್ತರ (ಪವಯಿ, ಮುಂಬೈ)
ಗಾತ್ರದ ಲೆಕ್ಕವನ್ನು ಕಾಗದದ ಮೇಲೆಯೇ ಹಾಕಬಹುದು. ಸಾರ್ವಜನಿಕ ಕೀಲಿಯೆಂದರೆ ಟಿ = ಎ·ಎಸ್ + ಇ. ಎ ಎಲ್ಲರಿಗೂ ತಿಳಿದ ಮ್ಯಾಟ್ರಿಕ್ಸ್, ಎಸ್ ಗುಟ್ಟು, ಇ ಬೇಕೆಂದೇ ಬೆರೆಸಿದ ಸಣ್ಣ ದೋಷ. ಈ ದೋಷ ಇಲ್ಲದಿದ್ದರೆ ಹೈಸ್ಕೂಲಿನ ಏಕಕಾಲಿಕ ಸಮೀಕರಣಗಳಂತೆ ಬಿಡಿಸಿ ಎಸ್ ಅನ್ನು ಹೊರತೆಗೆಯಬಹುದಿತ್ತು. ದೋಷ ಬೆರೆತಾಗ ಅದು ಲ್ಯಾಟಿಸ್‌ನ (ಬಹು ಆಯಾಮಗಳ ಬಿಂದುಜಾಲ) ಕಠಿಣ ಸಮಸ್ಯೆಯಾಗುತ್ತದೆ, ಅದನ್ನು ಬೇಗ ಬಿಡಿಸುವ ಕ್ವಾಂಟಮ್ ವಿಧಾನವೂ ಇದುವರೆಗೆ ಸಿಕ್ಕಿಲ್ಲ. 768ರಲ್ಲಿ ಟಿ ಎಂಬುದು 3 ಬಹುಪದಗಳು, ಪ್ರತಿಯೊಂದರಲ್ಲೂ 256 ಸಹಗುಣಕಗಳು. ಅವೆಲ್ಲ 3329ಕ್ಕಿಂತ ಚಿಕ್ಕವಾದ್ದರಿಂದ ತಲಾ 12 ಬಿಟ್ ಸಾಕು. ಹೀಗೆ 1152 ಬೈಟ್, ಜೊತೆಗೆ 32 ಬೈಟಿನ ಸೀಡ್ (ಬೀಜಸಂಖ್ಯೆ), ಒಟ್ಟು 1184. ಮ್ಯಾಟ್ರಿಕ್ಸ್ ಎ ಅನ್ನು ಕಳಿಸುವುದೇ ಇಲ್ಲ, ಆ ಸೀಡ್‌ನಿಂದ ಎರಡೂ ಕಡೆಯವರು ಅದನ್ನು ಹುಟ್ಟಿಸಿಕೊಳ್ಳುತ್ತಾರೆ. ಕಳಿಸುವಂತಿದ್ದರೆ ಇನ್ನೂ 3456 ಬೈಟ್ ಬೇಕಾಗುತ್ತಿತ್ತು. ಎಕ್ಸ್25519 ಕೀಲಿ ಬರೀ 32 ಬೈಟ್.

ಉತ್ತರ (ವಾಸ್ಕೋ, ಗೋವಾ)
ಹಾಗಾಗಿ ಕ್ಲೈಂಟ್ ಹಲೋ ಒಂದು ಟಿಸಿಪಿ ಸೆಗ್ಮೆಂಟಿನಲ್ಲಿ (ಜಾಲದಲ್ಲಿ ಒಮ್ಮೆಗೆ ಸಾಗುವ ತುಂಡು) ಹಿಡಿಸದೆ ಎರಡಾಗಿ ಹೋಗುತ್ತಿರಬೇಕು. ಟಿಸಿಪಿಯಲ್ಲಿ ಇದು ಪೂರ್ತಿ ಸಕ್ರಮ. ಮೊದಲ ತುಂಡನ್ನಷ್ಟೇ ಓದಿ ತೀರ್ಮಾನಕ್ಕೆ ಬರುವ ಸಾಧನಗಳು ಮಾತ್ರ ಇಲ್ಲಿ ಎಡವುತ್ತವೆ. ಇದನ್ನು ಖಚಿತಪಡಿಸಿಕೊಳ್ಳಲು ಐಪಿವಿ4 ಸಂಪರ್ಕದಲ್ಲಿ ಎಕ್ಸ್25519 ಒಂದನ್ನೇ ಇಟ್ಟು, ಕ್ಲೈಂಟಿನ ಎಂಟಿಯುವನ್ನು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 200 ಬೈಟಿನ ಆಸುಪಾಸಿಗೆ ತಗ್ಗಿಸಿ ನೋಡಿ, ಆಗ ಚಿಕ್ಕ ಹಲೋ ಕೂಡ ತುಂಡಾಗುತ್ತದೆ. ಆಗಲೂ ಉತ್ತರ ಬಾರದಿದ್ದರೆ ತಪ್ಪು ಲ್ಯಾಟಿಸ್‌ನದ್ದಲ್ಲ, ಫೈರ್‌ವಾಲ್‌ನದ್ದು. 512ರ ಕೀಲಿ 800 ಬೈಟ್ ಎಂಬುದು ನಿಜವಾದರೂ, ಎಕ್ಸ್25519 ಜೊತೆಗಿನ ಮಿಶ್ರಣವಾಗಿ ಬ್ರೌಸರುಗಳು ಒಪ್ಪಿಕೊಂಡಿರುವುದು 768 ಅನ್ನು. ಕೆಟ್ಟ ಫೈರ್‌ವಾಲ್ ಒಂದರ ಸಲುವಾಗಿ ಭದ್ರತೆಯ ಮಟ್ಟ ಇಳಿಸುವುದು ನನಗಂತೂ ಸರಿಕಾಣುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು ಸರ್. ಎಂಟಿಯು ತಗ್ಗಿಸಿದಾಗಲೂ ಅದೇ ಟೈಮ್‌ಔಟ್. ಫೈರ್‌ವಾಲ್ ತಂಡಕ್ಕೆ ಪ್ಯಾಕೆಟ್ ಕ್ಯಾಪ್ಚರ್ ಕಳಿಸಿದ್ದೇನೆ. ಇನ್ನೊಂದು ಸಂದೇಹ: ಎಂಎಲ್-ಕೆಇಎಂ 2024ರ ಆಗಸ್ಟ್‌ನಲ್ಲೇ ಅಮೆರಿಕದ ಸರ್ಕಾರಿ ಮಾನಕ ಎಫ್‌ಐಪಿಎಸ್ 203 ಆಗಿ ಪ್ರಕಟವಾಗಿರುವಾಗ ಎಕ್ಸ್25519 ಇನ್ನೂ ಏಕೆ ಬೇಕು?

ಉತ್ತರ (ಪವಯಿ, ಮುಂಬೈ)
ಎಂಎಲ್-ಕೆಇಎಂ ಅನ್ನು ಆರಿಸಿದ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಅದೇ ಪ್ರಕ್ರಿಯೆಯಲ್ಲಿ ನಾಲ್ಕನೆಯ ಸುತ್ತಿನವರೆಗೆ ಬಂದಿದ್ದ ಸೈಕ್ ವಿಧಾನವನ್ನು 2022ರಲ್ಲಿ ಸಾಮಾನ್ಯ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ ಮುರಿದರು. ಅದು ಲ್ಯಾಟಿಸ್ ಆಧಾರಿತವಲ್ಲ, ಅದರ ಗಣಿತವೇ ಬೇರೆ. ಆದರೂ ಮಿಶ್ರ ವಿಧಾನದಲ್ಲಿ ಎರಡರ ಪೈಕಿ ಒಂದು ಉಳಿದರೂ ಗುಟ್ಟು ಉಳಿಯುತ್ತದೆ, ಅದಕ್ಕೆ ತೆರುವ ಬೆಲೆ 32 ಬೈಟ್. ಫೈರ್‌ವಾಲ್ ದುರಸ್ತಿಯಾಗುವವರೆಗೆ ಆ ಒಂದು ಸರ್ವರ್‌ಗೆ ಹೋಗುವ ಸಂಪರ್ಕಕ್ಕಷ್ಟೇ ಎಂಎಲ್-ಕೆಇಎಂ ತೆಗೆಯಿರಿ, ಎಲ್ಲ ಕಡೆ ಬೇಡ. ಏಕೆಂದರೆ ಎಂಎಲ್-ಕೆಇಎಂ ಇಲ್ಲದೆ ಸಾಗಿ ಇಂದು ಯಾರಾದರೂ ಸೆರೆಹಿಡಿದಿಟ್ಟ ಮಾಹಿತಿಯನ್ನು ಮುಂದೆ ಕ್ವಾಂಟಮ್ ಕಂಪ್ಯೂಟರ್ ಬಂದಾಗ ಬಿಡಿಸಬಹುದು.